ಬೆಳಗಾವಿಯ ಮಗಳು, ಐರ್ಲೆಂಡಿನ ಕಾನೂನು

ಸವಿತಾ ಹಾಲಪ್ಪನವರ. ಈ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಬೆಳಗಾವಿಯ ಹೆಣ್ಣುಮಗಳು. ಓದಿದ್ದು ದಂತವೈದ್ಯಕೀಯ. ಮದುವೆಯಾದ ಮೇಲೆ ಎಂಜಿನಿಯರ್ ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ ಸಂಸಾರ ಹೂಡಿದ್ದರು. 2012ರ ಅಕ್ಟೋಬರ್ 28ರಂದು ಅಲ್ಲಿನ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 31. ಆಸ್ಪತ್ರೆಗೆ ಸೇರುವಾಗ 17 ವಾರದ ಬಸುರಿ.

ನಮ್ಮಲ್ಲಿ ಆ ಸುದ್ದಿ ಕೆಲವು ದಿನ ಓಡಿತು, ಆಮೇಲೆ ಬೇರೆ ಸುದ್ದಿ ಬಂತು. ಆದರೆ ಐರ್ಲೆಂಡ್ ಆಕೆಯನ್ನು ಮರೆಯಲಿಲ್ಲ. ಆರು ವರ್ಷ ಬಿಟ್ಟು ಆ ದೇಶ ತನ್ನ ಸಂವಿಧಾನದ ಒಂದು ತಿದ್ದುಪಡಿಯನ್ನೇ ಕಿತ್ತು ಹಾಕಿತು. ಆ ಮತದಾನದ ದಿನಗಳಲ್ಲಿ ಡಬ್ಲಿನ್ ನಗರದ ಗೋಡೆಯೊಂದರ ಮೇಲೆ ನಮ್ಮ ಬೆಳಗಾವಿಯ ಮಗಳ ದೊಡ್ಡ ಚಿತ್ರ ಇತ್ತು. ಜನ ಬಂದು ಚೀಟಿ ಬರೆದು ಆ ಗೋಡೆಗೆ ಅಂಟಿಸಿ ಹೋಗುತ್ತಿದ್ದರು.

ಇವತ್ತು ಈ ವಿಷಯ ಎತ್ತಿಕೊಂಡಿರೋದು ಯಾಕೆ ಅಂದರೆ, ದೇವರ ಮೇಲಿನ ನಂಬಿಕೆ ಆಸ್ಪತ್ರೆಯ ವಾರ್ಡಿನೊಳಗೆ ಹೇಗೆ ಬರುತ್ತೆ, ಯಾವ ಬಾಗಿಲಿನಿಂದ ಬರುತ್ತೆ ಅನ್ನೋದನ್ನು ಈ ಒಂದು ಪ್ರಕರಣ ತಿಳಿಸಿಕೊಡುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತಿಳಿಸಲ್ಲ. ಸವಿತಾ ಲಿಂಗಾಯತ ಮನೆತನದವರು. ಚರ್ಚಿಗೂ ಆಕೆಗೂ ಸಂಬಂಧ ಇಲ್ಲ. ಹಾಗಿದ್ದ ಮೇಲೆ ಕ್ಯಾಥೊಲಿಕ್ ಧರ್ಮದ ಒಂದು ಸಿದ್ಧಾಂತ ಆಕೆಯ ಹಾಸಿಗೆಯ ತನಕ ಬಂದು ನಿಂತಿದ್ದು ಹೇಗೆ?

ಮೊದಲು ಆ ವಾರದಲ್ಲಿ ಏನಾಯಿತು ಅಂತ ನೋಡೋಣ. ಇದು ಯಾರೋ ಹೇಳಿದ ಕಥೆಯಲ್ಲ. ಸಾವಿನ ನಂತರ ಮೂರು ತನಿಖೆಗಳು ನಡೆದವು. ಗಾಲ್ವೇಯಲ್ಲಿ ಕೊರೋನರ್ ವಿಚಾರಣೆ ಒಂದು, ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಒಂದು, ಆಸ್ಪತ್ರೆಗಳ ಗುಣಮಟ್ಟ ನೋಡುವ ಪ್ರಾಧಿಕಾರದ್ದು ಮತ್ತೊಂದು. ಎಲ್ಲವೂ ದಾಖಲೆಯಲ್ಲಿದೆ.

ಅಕ್ಟೋಬರ್ 21, ಭಾನುವಾರ. ಬೆನ್ನುನೋವು ಅಂತ ಸವಿತಾ ಆಸ್ಪತ್ರೆಗೆ ಹೋದರು. ನೋಡಿ ಮನೆಗೆ ಕಳಿಸಿದರು. ಅದೇ ದಿನ ಮತ್ತೆ ಬಂದರು. ಈ ಸಲ ಪರೀಕ್ಷೆ ಮಾಡಿದಾಗ ಗರ್ಭ ಉಳಿಯಲ್ಲ ಅನ್ನೋದು ಗೊತ್ತಾಯಿತು, ದಾಖಲು ಮಾಡಿಕೊಂಡರು. ಅದೇ ನಡುರಾತ್ರಿ ದಾಟಿದ ಮೇಲೆ ಗರ್ಭದ ನೀರು ಹೋಯಿತು. 17 ವಾರಕ್ಕೆ ನೀರು ಹೋದರೆ ಮಗು ಬದುಕಲ್ಲ. ಇದರಲ್ಲಿ ಯಾವ ಡಾಕ್ಟರಿಗೂ ಅನುಮಾನ ಇರಲಿಲ್ಲ. ಆದರೆ ಭ್ರೂಣದ ಎದೆಬಡಿತ ಮಾತ್ರ ಇನ್ನೂ ಇತ್ತು.

ಇಲ್ಲಿ ಒಂದು ವೈದ್ಯಕೀಯ ವಿಷಯ ತಿಳಿದುಕೊಳ್ಳಬೇಕು. ನೀರಿನ ಚೀಲ ಒಡೆಯಿತು ಅಂದರೆ ಗರ್ಭಕೋಶದ ಬಾಗಿಲು ತೆರೆದ ಹಾಗೆ. ಸೋಂಕು ಒಳಗೆ ಹೋಗೋದಕ್ಕೆ ತಡೆ ಇರಲ್ಲ. ಗಂಟೆ ಕಳೆದಷ್ಟೂ ಅಪಾಯ ಹೆಚ್ಚು. ಉಳಿಯುವ ಆಸೆಯೇ ಇಲ್ಲದ ಗರ್ಭವನ್ನು ಬೇಗ ಖಾಲಿ ಮಾಡಿದರೆ ತಾಯಿಯ ಅಪಾಯ ತಪ್ಪುತ್ತೆ. ಜಗತ್ತಿನ ಬಹುತೇಕ ಕಡೆ ಡಾಕ್ಟರು ಈ ದಾರಿಯನ್ನು ತಾಯಿಯ ಮುಂದೆ ಇಡುತ್ತಾರೆ, ಆಕೆ ಒಪ್ಪಿದರೆ ಮಾಡುತ್ತಾರೆ.

ಸವಿತಾ ಅದನ್ನೇ ಕೇಳಿದರು. ಮಗು ಉಳಿಯಲ್ಲ ಅಂತ ನೀವೇ ಹೇಳಿದ್ದೀರಿ, ಹಾಗಾದರೆ ಇದನ್ನು ಮುಗಿಸಿಬಿಡಿ ಅಂದರು. ಅಕ್ಟೋಬರ್ 23, ಮಂಗಳವಾರ ಆಕೆಗೆ ಸಿಕ್ಕ ಉತ್ತರ ಇಷ್ಟು: ಎದೆಬಡಿತ ಇದೆ, ನಿಮ್ಮ ಜೀವಕ್ಕೆ ಈಗ ಅಪಾಯ ಕಾಣ್ತಿಲ್ಲ, ಈ ದೇಶದ ಕಾನೂನಿನಲ್ಲಿ ಆಗಲ್ಲ. ವಾರ್ಡಿನಲ್ಲಿದ್ದ ಮಿಡ್‌ವೈಫ್ ಒಬ್ಬರು ಇದು ಕ್ಯಾಥೊಲಿಕ್ ದೇಶ ಅನ್ನುವ ಅರ್ಥದ ಮಾತನ್ನೂ ಆಡಿದರು. ಹೇಳಿದ್ದು ನಿಜ ಅಂತ ವಿಚಾರಣೆಯಲ್ಲಿ ಆಕೆಯೇ ಒಪ್ಪಿಕೊಂಡರು. ನೋಯಿಸಬೇಕು ಅಂತ ಹೇಳಿದ್ದಲ್ಲ, ಇಲ್ಲಿ ಯಾಕೆ ಹೀಗೆ ಅಂತ ತಿಳಿಸೋದಕ್ಕೆ ಹೇಳಿದ್ದು ಅಂದರು. ನನಗೆ ಆ ಮಾತಿನಲ್ಲಿ ಸುಳ್ಳು ಕಾಣಲ್ಲ. ಆಕೆ ನಿಜವಾಗಿಯೂ ಕಾರಣವನ್ನೇ ಹೇಳಿದ್ದರು.

ಬುಧವಾರ ಬೆಳಗಿನ ಜಾವ ಸವಿತಾ ಚಳಿಯಿಂದ ನಡುಗತೊಡಗಿದರು. ಅಷ್ಟು ಹೊತ್ತಿಗೆ ಸೋಂಕು ರಕ್ತಕ್ಕೆ ಇಳಿದಾಗಿತ್ತು. ಮಧ್ಯಾಹ್ನ ಭ್ರೂಣದ ಎದೆಬಡಿತ ತಾನಾಗಿಯೇ ನಿಂತಿತು, ಗರ್ಭ ಹೋಯಿತು. ಆದರೆ ಅಷ್ಟರಲ್ಲಿ ತಾಯಿಯ ದೇಹ ಸೆಪ್ಸಿಸ್‌ನ ಕೈಗೆ ಸಿಕ್ಕಿತ್ತು. ಐಸಿಯುಗೆ ಹಾಕಿದರು. ಒಂದೊಂದೇ ಅಂಗ ಕೆಲಸ ನಿಲ್ಲಿಸಿತು. ಭಾನುವಾರ ನಸುಕಿಗೆ ಎಲ್ಲ ಮುಗಿಯಿತು.

ಕೊರೋನರ್ ವಿಚಾರಣೆಗೆ ಡಬ್ಲಿನ್‌ನ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಸಾಕ್ಷಿ ನುಡಿದರು. ಅವರು ಹೇಳಿದ್ದರ ಸಾರ ಕೇಳಿ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಶಃ ಬದುಕುತ್ತಿದ್ದರು. ಆದರೆ ಆ ಎರಡು ದಿನ ಕಾನೂನು ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ, ಯಾಕೆಂದರೆ ಆಗ ಆಕೆಯ ಜೀವಕ್ಕೆ ಅಪಾಯ ಇರಲಿಲ್ಲ. ಕಾನೂನು ಅವಕಾಶ ಕೊಡುವಷ್ಟು ಅಪಾಯ ಬಂದ ದಿನ ಬುಧವಾರ. ಅಷ್ಟರಲ್ಲಿ ಕಾಲ ಮೀರಿತ್ತು.

ಇದನ್ನು ಎರಡು ಸಲ ಓದಿ. ಬದುಕಿಸಬಹುದಾಗಿದ್ದಾಗ ಕಾನೂನು ಬಾಗಿಲು ಹಾಕಿತ್ತು. ಬಾಗಿಲು ತೆರೆದಾಗ ಬದುಕಿಸೋಕೆ ಆಗಲಿಲ್ಲ.

ಇಂಥ ಕಾನೂನು ಬಂದಿದ್ದಾದರೂ ಎಲ್ಲಿಂದ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಐರ್ಲೆಂಡ್ ನಮ್ಮ ಹಾಗೆಯೇ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶ. ಗರ್ಭಪಾತ ಅಪರಾಧ ಅಂತ ಬ್ರಿಟಿಷರು ನಮಗೆ 1860ರ ದಂಡ ಸಂಹಿತೆಯಲ್ಲಿ ಬರೆದರು, ಅವರಿಗೆ 1861ರ ಕಾಯ್ದೆಯಲ್ಲಿ ಬರೆದರು. ಸ್ವಾತಂತ್ರ್ಯ ಬಂದ ಮೇಲೆ ಎರಡೂ ದೇಶದ ದಾರಿ ಬೇರೆಯಾಯಿತು. ನೂರಾರು ವರ್ಷ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ದೊರೆಗಳು ತುಳಿದಾಗ ಐರಿಷ್ ಜನ ಹಿಡಿದುಕೊಂಡಿದ್ದು ತಮ್ಮ ಕ್ಯಾಥೊಲಿಕ್ ಧರ್ಮವನ್ನು. ಅವರ ಪಾಲಿಗೆ ಚರ್ಚು ಅಂದರೆ ಪೂಜೆಯ ಜಾಗ ಮಾತ್ರ ಆಗಿರಲಿಲ್ಲ, ಅದು ದೇಶಾಭಿಮಾನವೂ ಆಗಿತ್ತು. ಶಾಲೆ ನಡೆಸಿದ್ದು ಚರ್ಚು. ಬಡವರಿಗೆ ಆಸ್ಪತ್ರೆ ಕಟ್ಟಿದ್ದು ಕ್ರೈಸ್ತ ಸನ್ಯಾಸಿನಿಯರು. ಆ ಋಣ ಸಣ್ಣದಲ್ಲ, ಅದನ್ನು ಅಲ್ಲಗಳೆಯೋದು ಬೇಡ. 1937ರ ಸಂವಿಧಾನದಲ್ಲಿ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನ ಇದೆ ಅಂತಲೇ ಬರೆದಿದ್ದರು. ಆ ಮಾತನ್ನು ತೆಗೆದಿದ್ದು 1972ರಲ್ಲಿ.

ಮಠದ ಬಾಗಿಲಲ್ಲಿ ಮಂತ್ರಿಗಳು ಕೈಮುಗಿದು ನಿಲ್ಲೋದನ್ನು ನಾವು ಕಂಡವರು. ಹಾಗಾಗಿ ಮುಂದಿನದು ನಮಗೆ ಸುಲಭವಾಗಿ ಅರ್ಥವಾಗುತ್ತೆ. 1951ರಲ್ಲಿ ಐರ್ಲೆಂಡಿನ ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ಒಂದು ಯೋಜನೆ ತಂದರು. ತಾಯಂದಿರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ ಸರ್ಕಾರದಿಂದ ಉಚಿತ ವೈದ್ಯಕೀಯ ಸೇವೆ, ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. ಇದರಲ್ಲಿ ತಪ್ಪೇನಿದೆ? ಆದರೆ ಬಿಷಪ್ಪರು ಒಪ್ಪಲಿಲ್ಲ. ಕುಟುಂಬದ ಹಕ್ಕನ್ನು ಸರ್ಕಾರ ಕಿತ್ತುಕೊಳ್ಳುತ್ತೆ ಅಂದರು. ಬಸಿರು ಬಾಣಂತನದ ತಿಳಿವಳಿಕೆ ಹೆಸರಿನಲ್ಲಿ ಸಂತಾನ ನಿಯಂತ್ರಣದ ಪಾಠ ನುಸುಳುತ್ತೆ ಅಂದರು. ತಮ್ಮ ಆದಾಯಕ್ಕೆ ಕತ್ತರಿ ಬೀಳುತ್ತೆ ಅಂತ ಡಾಕ್ಟರುಗಳೂ ವಿರೋಧಿಸಿದರು. ಸರ್ಕಾರ ಮಂತ್ರಿಯ ಬೆನ್ನಿಗೆ ನಿಲ್ಲಲಿಲ್ಲ. ಬ್ರೌನ್ ರಾಜೀನಾಮೆ ಕೊಟ್ಟರು. ಹೋಗುವಾಗ ಬಿಷಪ್ಪರಿಗೂ ಸರ್ಕಾರಕ್ಕೂ ನಡೆದ ಪತ್ರಗಳನ್ನೆಲ್ಲ ಪತ್ರಿಕೆಗಳಿಗೆ ಕೊಟ್ಟು ಹೋದರು. ಆರೋಗ್ಯ ನೀತಿ ಎಲ್ಲಿ ತಯಾರಾಗುತ್ತೆ ಅನ್ನೋದು ಆವತ್ತು ಇಡೀ ದೇಶಕ್ಕೆ ಕಾಣಿಸಿತು.

ಗರ್ಭನಿರೋಧಕದ ಕಥೆ ಇನ್ನೂ ವಿಚಿತ್ರ. 1935ರಲ್ಲಿ ಅದರ ಮಾರಾಟ ಮತ್ತು ಆಮದನ್ನು ಐರ್ಲೆಂಡ್ ನಿಷೇಧಿಸಿತು. ಇದಕ್ಕೂ ಐದು ವರ್ಷ ಮೊದಲೇ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋದಕ್ಕೆ ಆದೇಶ ಮಾಡಿತ್ತು. ಜಗತ್ತಿನಲ್ಲಿ ಯಾವ ಸರ್ಕಾರವೂ ಅದಕ್ಕೆ ಮೊದಲು ಈ ಕೆಲಸಕ್ಕೆ ಕೈ ಹಾಕಿರಲಿಲ್ಲ ಅಂತ ಕುಟುಂಬ ಯೋಜನೆಯ ಚರಿತ್ರೆಯಲ್ಲಿ ಬರೆದಿದ್ದಾರೆ. ಇತ್ತ ಯುರೋಪಿನ ಆ ದೇಶದಲ್ಲಿ 1971ರ ಮೇ ತಿಂಗಳಲ್ಲಿ ಹೆಂಗಸರ ಗುಂಪೊಂದು ಡಬ್ಲಿನ್‌ನಿಂದ ರೈಲು ಹತ್ತಿ ಬ್ರಿಟಿಷರ ಆಡಳಿತದಲ್ಲಿದ್ದ ಬೆಲ್‌ಫಾಸ್ಟ್‌ಗೆ ಹೋಯಿತು. ಅಲ್ಲಿ ಗರ್ಭನಿರೋಧಕಗಳನ್ನು ಕೊಂಡು ವಾಪಸ್ ಬಂದು ಸ್ಟೇಷನ್ನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳ ಎದುರೇ ಎತ್ತಿ ತೋರಿಸಿತು. ಗರ್ಭನಿರೋಧಕ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ಸಿಕ್ಕಿರಲಿಲ್ಲ. ಅದಕ್ಕೆ ತಲೆನೋವಿನ ಆಸ್ಪಿರಿನ್ ಮಾತ್ರೆಯನ್ನೇ ಹಿಡಿದು ಅದೇ ಇದು ಅಂತ ತೋರಿಸಿದ್ದರು. ಅಧಿಕಾರಿಗಳು ಏನು ಮಾಡಬೇಕು ತಿಳಿಯದೆ ಬಿಟ್ಟು ಕಳಿಸಿದರು.

1973ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಾಲ್ಕು ಮಕ್ಕಳ ತಾಯಿ ಒಬ್ಬರು, ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ. ಅವರು ತರಿಸಿಕೊಂಡ ಗರ್ಭನಿರೋಧಕವನ್ನು ಕಸ್ಟಮ್ಸ್‌ನವರು ಜಪ್ತಿ ಮಾಡಿದ್ದರು. ಗಂಡ ಹೆಂಡತಿಯ ನಡುವಿನ ಖಾಸಗಿತನದಲ್ಲಿ ಸರ್ಕಾರ ಹೀಗೆ ಮೂಗು ತೂರಿಸುವ ಹಾಗಿಲ್ಲ ಅಂದಿತು ಕೋರ್ಟು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಖಾಸಗಿತನದ ಹೆಸರಿನಲ್ಲೇ ಗರ್ಭಪಾತಕ್ಕೆ ಅವಕಾಶ ಕೊಟ್ಟಿತ್ತು. ಐರ್ಲೆಂಡಿನ ಧಾರ್ಮಿಕ ಸಂಘಟನೆಗಳಿಗೆ ದಿಗಿಲಾಯಿತು. ಇವತ್ತು ಗರ್ಭನಿರೋಧಕ, ನಾಳೆ ಗರ್ಭಪಾತ. ಕೋರ್ಟು ಮುಟ್ಟದ ಹಾಗೆ ಸಂವಿಧಾನದಲ್ಲೇ ಬರೆದುಬಿಡೋಣ ಅಂದರು. ಪಕ್ಷಗಳೂ ಹಿಂದೆ ಬಿದ್ದವು. 1983ರ ಸೆಪ್ಟೆಂಬರ್ 7ರಂದು ಜನಮತಗಣನೆ. ಶೇಕಡ 66.9 ಮಂದಿ ಹೌದು ಅಂದರು. ಅದೇ ಎಂಟನೇ ತಿದ್ದುಪಡಿ.

ಅದರಲ್ಲಿ ಬರೆದದ್ದು ಏನು? ಹುಟ್ಟದ ಮಗುವಿಗೂ ಜೀವಿಸುವ ಹಕ್ಕಿದೆ, ತಾಯಿಗೂ ಅಷ್ಟೇ ಸಮಾನವಾದ ಜೀವಿಸುವ ಹಕ್ಕಿದೆ, ಎರಡನ್ನೂ ಸರ್ಕಾರ ಕಾಪಾಡುತ್ತೆ. ಓದೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಯಾರಿಗೂ ಅನ್ಯಾಯ ಇಲ್ಲದ ಹಾಗೆ ಕಾಣುತ್ತೆ. ಆದರೆ ಆಗಿನ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಸರ್ಕಾರವನ್ನು ಮೊದಲೇ ಎಚ್ಚರಿಸಿದ್ದರು. ಈ ಪದಗಳಿಗೆ ಒಂದೇ ಅರ್ಥ ಇಲ್ಲ, ಡಾಕ್ಟರುಗಳು, ವಕೀಲರು, ಜಡ್ಜುಗಳು ಎಲ್ಲರಿಗೂ ಗೊಂದಲ ಆಗುತ್ತೆ ಅಂತ ಬರೆದು ಕೊಟ್ಟಿದ್ದರು. ಯಾರೂ ಕೇಳಲಿಲ್ಲ.

ಈಗ ಆ ವಾಕ್ಯದಲ್ಲಿ ಇಲ್ಲದ ಒಂದು ಪದವನ್ನು ನೋಡಿ. 'ಆರೋಗ್ಯ' ಅನ್ನೋ ಪದ ಅದರಲ್ಲಿಲ್ಲ. ತಾಯಿಯ 'ಜೀವ'ಕ್ಕೆ ಅಪಾಯ ಇದ್ದರೆ ಮಾತ್ರ ಡಾಕ್ಟರ್ ಕೈ ಹಾಕಬಹುದು. 'ಆರೋಗ್ಯ'ಕ್ಕೆ ಅಪಾಯ ಇದ್ದರೆ ಹಾಕುವ ಹಾಗಿಲ್ಲ. ವಕೀಲರ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ. ಆದರೆ ಸೋಂಕಿಗೆ ಈ ವ್ಯತ್ಯಾಸ ಗೊತ್ತಿರುತ್ತಾ? ಮಂಗಳವಾರ ಸಂಜೆ ಆರೋಗ್ಯದ ಸಮಸ್ಯೆ ಆಗಿದ್ದದ್ದು ಬುಧವಾರ ಬೆಳಗ್ಗೆ ಜೀವದ ಸಮಸ್ಯೆ ಆಗಿತ್ತು. ಮಧ್ಯದಲ್ಲಿ ಯಾವ ಗಂಟೆ, ಯಾವ ನಿಮಿಷಕ್ಕೆ ಗೆರೆ ದಾಟಿತು? ಯಾವ ಡಾಕ್ಟರಿಗೂ ಹೇಳೋಕೆ ಆಗಲ್ಲ. ಹೇಳೋದರಲ್ಲಿ ತಪ್ಪಿದರೆ 1861ರ ಕಾಯ್ದೆಯಲ್ಲಿ ಜೀವಾವಧಿ ಶಿಕ್ಷೆ. ಹಾಗಿದ್ದಾಗ ಡಾಕ್ಟರ್ ಏನು ಮಾಡುತ್ತಾರೆ? ಕಾಯುತ್ತಾರೆ. ಎದೆಬಡಿತ ಇದೆಯಾ ಅಂತ ನೋಡುತ್ತಾರೆ, ಮತ್ತೆ ಕಾಯುತ್ತಾರೆ.

ಇದು ಒಂದೇ ಪ್ರಕರಣ ಅಂದುಕೊಳ್ಳಬೇಡಿ. 1992ರಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಬಸಿರಾದ 14 ವರ್ಷದ ಬಾಲಕಿ ಇಂಗ್ಲೆಂಡಿಗೆ ಹೋಗದ ಹಾಗೆ ಸರ್ಕಾರವೇ ಕೋರ್ಟಿನಿಂದ ತಡೆಯಾಜ್ಞೆ ತಂದಿತು. ಬಾಲಕಿ ಆತ್ಮಹತ್ಯೆಯ ಮಾತಾಡುತ್ತಿದ್ದಳು. ದೇಶ ಬೀದಿಗಿಳಿದ ಮೇಲೆ ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು, ಆತ್ಮಹತ್ಯೆಯ ಅಪಾಯವೂ ಜೀವದ ಅಪಾಯವೇ ಅಂದಿತು. ಆದರೆ ಆ ತೀರ್ಪನ್ನು ಕಾಯ್ದೆಯಾಗಿ ಬರೆದು ಡಾಕ್ಟರುಗಳಿಗೆ ದಾರಿ ತೋರಿಸೋ ಧೈರ್ಯ ಸರ್ಕಾರಗಳಿಗೆ ಬರಲಿಲ್ಲ. 2012ರ ತನಕ, ಅಂದರೆ 20 ವರ್ಷ, ಯಾರೂ ಬರೆಯಲಿಲ್ಲ. ಸವಿತಾ ಸತ್ತಿದ್ದು ಆ ಖಾಲಿ ಜಾಗದಲ್ಲಿ. 2014ರಲ್ಲಿ ಇನ್ನೊಂದು ನಡೆಯಿತು. ಮೆದುಳು ಸತ್ತ ಗರ್ಭಿಣಿಯೊಬ್ಬರನ್ನು ಭ್ರೂಣಕ್ಕಾಗಿ ಯಂತ್ರದ ಮೇಲೆ ಉಸಿರಾಡಿಸುತ್ತಾ ಇಟ್ಟರು. ಅದನ್ನು ನಿಲ್ಲಿಸಿದರೆ ಎಂಟನೇ ತಿದ್ದುಪಡಿ ಏನನ್ನುತ್ತೋ ಅಂತ ಡಾಕ್ಟರುಗಳಿಗೆ ಭಯ. ಆಕೆಯ ತಂದೆ ಹೈಕೋರ್ಟಿಗೆ ಹೋಗಿ ಮಗಳ ದೇಹವನ್ನು ಬಿಡಿಸಿಕೊಳ್ಳಬೇಕಾಯಿತು.

ಹಾಗಾದರೆ ಐರ್ಲೆಂಡಿನಲ್ಲಿ ಗರ್ಭಪಾತ ನಿಂತಿತ್ತಾ? ಇಲ್ಲ. ಅದು ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಯಿತು. 1980ರಿಂದ 2016ರ ತನಕ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಿನಿಕ್‌ಗಳಲ್ಲಿ ಐರ್ಲೆಂಡಿನ ವಿಳಾಸ ಬರೆಸಿದ ಹೆಂಗಸರ ಸಂಖ್ಯೆ ಸುಮಾರು 1 ಲಕ್ಷ 70 ಸಾವಿರ. ದುಡ್ಡಿದ್ದವರು ಹೋದರು. ದುಡ್ಡಿಲ್ಲದವರು, ವೀಸಾ ಇಲ್ಲದವರು, ಸವಿತಾ ಹಾಗೆ ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಲಾಗದವರು ಉಳಿದರು. ಕಾನೂನು ಯಾರನ್ನು ಹಿಡಿಯಿತು ಅಂತ ನೀವೇ ಲೆಕ್ಕ ಹಾಕಿ.

ಇಲ್ಲಿ ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು, ಇಲ್ಲದಿದ್ದರೆ ನ್ಯಾಯ ಆಗಲ್ಲ. ತಿದ್ದುಪಡಿ ಉಳಿಯಬೇಕು ಅಂದವರ ವಾದ ಇದು: ಸವಿತಾ ಸತ್ತಿದ್ದು ಕಾನೂನಿನಿಂದಲ್ಲ, ಆಸ್ಪತ್ರೆಯ ನಿರ್ಲಕ್ಷ್ಯದಿಂದ. ಈ ವಾದಕ್ಕೆ ಆಧಾರ ಇದೆ. ಮೊದಲ ದಿನ ತೆಗೆದ ರಕ್ತದ ವರದಿಯಲ್ಲಿ ಸೋಂಕಿನ ಸುಳಿವಿತ್ತು, ಅದನ್ನು ಯಾರೂ ಹಿಂಬಾಲಿಸಿ ನೋಡಲಿಲ್ಲ. ಗುಣಮಟ್ಟದ ಪ್ರಾಧಿಕಾರ ಕೊಟ್ಟ ವರದಿಯಲ್ಲಿ 13 ಕಡೆ ಅವಕಾಶ ಕೈತಪ್ಪಿದ್ದನ್ನು ಪಟ್ಟಿ ಮಾಡಿದ್ದಾರೆ. ಆಸ್ಪತ್ರೆಯ ತಪ್ಪು ಸಣ್ಣದಲ್ಲ. ಆದರೆ ಆರೋಗ್ಯ ಇಲಾಖೆಯ ತನಿಖೆಯ ಮುಖ್ಯಸ್ಥ, ಲಂಡನ್ನಿನ ಪ್ರಸೂತಿ ತಜ್ಞ ಸಬರತ್ನಂ ಅರುಳ್‌ಕುಮಾರನ್ 2017ರಲ್ಲಿ ಐರಿಷ್ ಸಂಸತ್ತಿನ ಸಮಿತಿಯ ಮುಂದೆ ಬಂದು ಡಾಕ್ಟರುಗಳ ಕೈ ಕಟ್ಟಿದ್ದು ಕಾನೂನೇ ಅಂತ ಸ್ಪಷ್ಟವಾಗಿ ಹೇಳಿದರು. ನನ್ನ ಮಾತು ಇಷ್ಟೇ. ಎಲ್ಲ ದೇಶದ ಆಸ್ಪತ್ರೆಗಳಲ್ಲೂ ತಪ್ಪಾಗುತ್ತೆ. ರಾತ್ರಿ ಪಾಳಿಯಲ್ಲಿ ಒಂದು ವರದಿ ಕಣ್ಣಿಗೆ ಬೀಳದೆ ಹೋಗುತ್ತೆ. ಸೋಮವಾರವೇ ಗರ್ಭ ಖಾಲಿ ಮಾಡಿದ್ದರೆ ಆ ತಪ್ಪುಗಳಲ್ಲಿ ಬಹಳಷ್ಟಕ್ಕೆ ಪ್ರಾಣ ತೆಗೆಯೋ ಶಕ್ತಿ ಇರುತ್ತಿರಲಿಲ್ಲ. ಕಾಯಿರಿ ಅಂದ ಕಾನೂನು ಪ್ರತಿ ತಪ್ಪಿಗೂ ಹೆಚ್ಚು ಹೊತ್ತು ಕೊಟ್ಟಿತು.

2012ರ ನವೆಂಬರ್ 14ರಂದು ಐರಿಷ್ ಟೈಮ್ಸ್ ಪತ್ರಿಕೆ ಈ ಸುದ್ದಿ ಪ್ರಕಟಿಸಿತು. ಇಲ್ಲಿ ನಾವು ದೀಪಾವಳಿಯ ಗಡಿಬಿಡಿಯಲ್ಲಿದ್ದೆವು. ಅಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ರಸ್ತೆಗೆ ಬಂದರು. 2013ರಲ್ಲಿ ಸರ್ಕಾರ ಒಂದು ಕಾಯ್ದೆ ತಂದಿತು. ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಅಂತ ಮೊದಲ ಸಲ ಬರವಣಿಗೆಯಲ್ಲಿ ಬಂತು. 'ಆರೋಗ್ಯ' ಆಗಲೂ ಬರಲಿಲ್ಲ, ಸಂವಿಧಾನ ಅಡ್ಡ ಇತ್ತಲ್ಲ.

ಆಮೇಲೆ ಐರ್ಲೆಂಡ್ ಮಾಡಿದ ಕೆಲಸ ನನಗೆ ಬಹಳ ಇಷ್ಟವಾದದ್ದು. ಜನರ ನಡುವಿನಿಂದ 99 ಸಾಮಾನ್ಯರನ್ನು ಆರಿಸಿ ಒಂದು ನಾಗರಿಕರ ಸಭೆ ಮಾಡಿದರು. ಅಧ್ಯಕ್ಷತೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೇರಿ ಲಫಾಯ್. ತಿಂಗಳುಗಟ್ಟಲೆ ವಾರಾಂತ್ಯಗಳಲ್ಲಿ ಕೂತು ಅವರು ಡಾಕ್ಟರುಗಳ ಮಾತು ಕೇಳಿದರು, ವಕೀಲರ ಮಾತು ಕೇಳಿದರು, ಎರಡೂ ಕಡೆಯ ಸಂಘಟನೆಗಳ ಮಾತು ಕೇಳಿದರು, ಆ ನೋವು ಉಂಡ ಹೆಂಗಸರ ಮಾತು ಕೇಳಿದರು. ಕೊನೆಗೆ ಬದಲಾವಣೆ ಬೇಕು ಅಂದರು. ಸಂಸತ್ತಿನ ಸಮಿತಿಯೂ ಅದನ್ನೇ ಹೇಳಿತು. 2018ರ ಮೇ 25ರಂದು ಜನಮತಗಣನೆ. ಬೆಳಗಾವಿಯಿಂದ ಸವಿತಾ ತಂದೆ ಅಂದಾನಪ್ಪ ಯಳಗಿ ಅವರು ಐರ್ಲೆಂಡಿನ ಜನಕ್ಕೆ ಮನವಿ ಮಾಡಿದರು: ನನ್ನ ಮಗಳನ್ನು ನೆನೆದು ಹೌದು ಅಂತ ಮತ ಹಾಕಿ. ಶೇಕಡ 66.4 ಮಂದಿ ಹೌದು ಅಂದರು.

35 ವರ್ಷದ ಹಿಂದೆ ಮೂರನೇ ಎರಡು ಪಾಲು ಜನ ಬರೆದಿದ್ದನ್ನು ಮೂರನೇ ಎರಡು ಪಾಲು ಜನವೇ ಅಳಿಸಿದರು. ಹಾಗಾದರೆ ಅವರು ಧರ್ಮ ಬಿಟ್ಟರಾ? 2016ರ ಜನಗಣತಿಯಲ್ಲಿ ಶೇಕಡ 78ರಷ್ಟು ಮಂದಿ ತಮ್ಮ ಧರ್ಮ ಕ್ಯಾಥೊಲಿಕ್ ಅಂತಲೇ ಬರೆಸಿದ್ದರು. ಅಂದರೆ ಹೌದು ಅಂದವರಲ್ಲಿ ಕ್ಯಾಥೊಲಿಕ್ಕರೇ ಬಹಳ ಮಂದಿ ಇರಲೇಬೇಕು. ಗರ್ಭಪಾತ ಪಾಪ ಅಂತ ನಂಬಿದ ಎಷ್ಟೋ ತಾಯಂದಿರು, ನನ್ನ ನಂಬಿಕೆ ನನಗಿರಲಿ, ಇನ್ನೊಬ್ಬರ ಮಗಳ ಹಾಸಿಗೆಯ ಪಕ್ಕ ಅದು ಪೊಲೀಸಿನವನಾಗಿ ನಿಲ್ಲೋದು ಬೇಡ ಅಂದರು. ನಾನು ಇದನ್ನು ಅಧರ್ಮ ಅನ್ನಲಾರೆ.

ಹೊಸ ಕಾಯ್ದೆ 2019ರ ಜನವರಿ 1ರಿಂದ ಜಾರಿಗೆ ಬಂತು. 12 ವಾರದೊಳಗೆ, ಮೂರು ದಿನದ ಕಾಯುವಿಕೆಯ ನಂತರ, ಹೆಣ್ಣು ಕೇಳಿದರೆ ಸಾಕು. ಅದರ ಮೇಲೆ ಆದರೆ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯಂಥ ಕಾರಣ ಇರಬೇಕು. ಆ ಪದ ಕೊನೆಗೂ ಬಂತು ನೋಡಿ. ಜೊತೆಗೆ ಇನ್ನೊಂದು ಅಂಶ ಇದೆ: ತನ್ನ ಆತ್ಮಸಾಕ್ಷಿ ಒಪ್ಪದ ಡಾಕ್ಟರ್ ಈ ಕೆಲಸ ಮಾಡಲೇಬೇಕು ಅಂತಿಲ್ಲ. ಆದರೆ ಬೇರೆ ಡಾಕ್ಟರ ಬಳಿಗೆ ಕಳಿಸಿಕೊಡಬೇಕು, ತುರ್ತು ಇದ್ದಾಗ ನಿರಾಕರಿಸುವ ಹಾಗಿಲ್ಲ. ನಂಬಿದವನ ನಂಬಿಕೆಗೆ ಜಾಗ ಇದೆ. ರೋಗಿಯ ಜೀವದ ಮೇಲೆ ಅದಕ್ಕೆ ಅಧಿಕಾರ ಇಲ್ಲ.

ಈ ಪಾಠವನ್ನು ಎಲ್ಲರೂ ಕಲಿತಿಲ್ಲ. ಪೋಲೆಂಡಿನಲ್ಲೂ ಕ್ಯಾಥೊಲಿಕ್ ಚರ್ಚಿನ ಪ್ರಭಾವ ದೊಡ್ಡದು. ಅಲ್ಲಿನ ಸಾಂವಿಧಾನಿಕ ನ್ಯಾಯಮಂಡಳಿ 2020ರಲ್ಲಿ ಗರ್ಭಪಾತದ ನಿಯಮವನ್ನು ಇನ್ನೂ ಬಿಗಿ ಮಾಡಿತು. 2021ರ ಸೆಪ್ಟೆಂಬರಿನಲ್ಲಿ 22 ವಾರದ ಗರ್ಭಿಣಿಯೊಬ್ಬರಿಗೆ ನೀರು ಹೋಯಿತು. ಎದೆಬಡಿತ ನಿಲ್ಲಲಿ ಅಂತ ಡಾಕ್ಟರುಗಳು ಕಾದರು. ಆಕೆ ಸೆಪ್ಸಿಸ್‌ನಿಂದ ಸತ್ತರು. ಊರು ಬೇರೆ, ಭಾಷೆ ಬೇರೆ, ಸಾವು ಅದೇ.

ಸರಿ, ನಮ್ಮ ಮನೆಯ ಲೆಕ್ಕ? ಭಾರತ 1964ರಲ್ಲೇ ಶಾಂತಿಲಾಲ್ ಶಾ ಸಮಿತಿ ಮಾಡಿತು. ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದರು. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. ತಾಯಿಯ ಜೀವ ಮಾತ್ರವಲ್ಲ, ದೈಹಿಕ ಮತ್ತು ಮಾನಸಿಕ ಆರೋಗ್ಯ ಅಂತ ಅದರಲ್ಲಿ ಬರೆದಿದೆ. ಆ ಒಂದು ಪದದ ದೆಸೆಯಿಂದ, ಸವಿತಾ ಆ ವಾರ ತವರಲ್ಲಿ ಇದ್ದಿದ್ದರೆ ಬೆಳಗಾವಿಯ ಯಾವ ಡಾಕ್ಟರೂ ವಕೀಲರನ್ನು ಕೇಳಬೇಕಾಗಿರಲಿಲ್ಲ. ಆದರೆ ಎದೆ ತಟ್ಟಿಕೊಳ್ಳೋದು ಬೇಡ. ನಮ್ಮ ಕಾಯ್ದೆಯಲ್ಲೂ ತೀರ್ಮಾನ ಡಾಕ್ಟರದ್ದು, ಹೆಣ್ಣಿನದ್ದಲ್ಲ. 20 ವಾರದ ಮಿತಿಯನ್ನು ಕೆಲವು ವರ್ಗದವರಿಗೆ 24 ವಾರಕ್ಕೆ ಏರಿಸಿದ್ದು 2021ರಲ್ಲಿ. ಮದುವೆಯಾಗದ ಹೆಣ್ಣಿಗೂ ಅದು ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ.

ನಮ್ಮಲ್ಲಿ ನಂಬಿಕೆ ಈ ಕಾಯ್ದೆಯ ಪುಸ್ತಕಕ್ಕೆ ಹತ್ತಿಲ್ಲ, ಅದು ಮನೆಯೊಳಗೆ ಕೂತಿದೆ. ಚಿತೆಗೆ ಬೆಂಕಿ ಇಡೋಕೆ, ಪಿಂಡ ಹಾಕೋಕೆ ಗಂಡುಮಗು ಬೇಕು ಅನ್ನೋ ನಂಬಿಕೆ. ಭ್ರೂಣಲಿಂಗ ಪತ್ತೆಯನ್ನು 1994ರಲ್ಲೇ ಕಾನೂನು ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ, ಬೆಲ್ಲ ಬೇಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣುಭ್ರೂಣ ಹುಡುಕುತ್ತಿದ್ದ ಜಾಲ ಸಿಕ್ಕಿಬಿತ್ತು. ಐರ್ಲೆಂಡಿನಲ್ಲಿ ಹೆಣ್ಣು ಬೇಡ ಅಂದರೂ ಹೊರು ಅಂದರು, ಇಲ್ಲಿ ಬೇಕು ಅಂದರೂ ತೆಗೆಸು ಅನ್ನುತ್ತಾರೆ. ಎರಡು ಕಡೆಯೂ ಕೇಳದೆ ಬಿಟ್ಟಿದ್ದು ಬಸುರಿಯನ್ನೇ.

ಹೊಸ ಕಾಯ್ದೆಗೆ 'ಸವಿತಾ ಕಾಯ್ದೆ' ಅಂತ ಹೆಸರಿಡಿ ಅಂತ ಆಕೆಯ ತಂದೆ ಐರ್ಲೆಂಡನ್ನು ಕೇಳಿಕೊಂಡಿದ್ದರು. ಹೆಸರು ಇಡಲಿಲ್ಲ. ಹೆಸರು ದೊಡ್ಡ ವಿಷಯ ಅಲ್ಲ ಅಂತ ಕೆಲವರು ಅನ್ನಬಹುದು. ಮಗಳನ್ನು ಕಳೆದುಕೊಂಡವರಿಗೆ ಅದು ದೊಡ್ಡದೇ.

ಯಾವ ದೇಶದಲ್ಲೇ ಆಗಲಿ, ಯಾವ ಧರ್ಮದವರೇ ಆಗಲಿ, ಬಸುರಿ ಬಾಣಂತಿಯರ ವಿಷಯದಲ್ಲಿ ಒಂದು ಪವಿತ್ರವಾದ ವಾಕ್ಯವನ್ನು ಕಾನೂನು ಮಾಡಿ ಅಂತ ಬಂದಾಗ, ಆ ವಾಕ್ಯ ಚೆನ್ನಾಗಿದೆಯಾ ಅಂತ ನೋಡಬೇಡಿ. ಚೆನ್ನಾಗಿಯೇ ಇರುತ್ತೆ, 1983ರದ್ದೂ ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿ. ರಾತ್ರಿ ನಾಲ್ಕು ಗಂಟೆಗೆ ಒಬ್ಬ ಹೆಣ್ಣುಮಗಳು ವಾರ್ಡಿನಲ್ಲಿ ನಡುಗುತ್ತಾ ಮಲಗಿದ್ದಾಳೆ, ಡ್ಯೂಟಿ ಡಾಕ್ಟರ್ ಪಕ್ಕದಲ್ಲಿ ನಿಂತಿದ್ದಾರೆ. ಈ ವಾಕ್ಯ ಓದಿ ಅವರು ಏನು ಮಾಡಬೇಕು? ಅದಕ್ಕೆ ನೇರವಾದ ಉತ್ತರ ಸಿಗುವ ತನಕ ಯಾರೂ ಹೌದು ಅನ್ನಬೇಡಿ.